ಹನ್ನೊಂದು ನಿಮಿಷದ ಮಾತು

ಮದುವೆ ವಿಡಿಯೋ ಮಿಕ್ಸಿಂಗ್ ಮಾಡುವವರಿಗೆ ಮದುವೆಯ ಸೌಂಡ್ ಬೇಡ. ನಮ್ಮ ಕಸುಬಿನಲ್ಲಿ ಮೊದಲು ಕಲಿಯುವ ಪಾಠವೇ ಇದು. ಛತ್ರದಲ್ಲಿ ಕ್ಯಾಮೆರಾಕ್ಕೆ ಸಿಗುವುದೆಲ್ಲ ಪಾತ್ರೆಯ ಸದ್ದು, ಮಕ್ಕಳ ಅಳು, "ಅಣ್ಣಾ, ಇತ್ಲಾಗ್ ನೋಡಿ" ಎನ್ನುವ ಫೋಟೋದವನ ಕೂಗು, ಹಿಂದೆ ಎಲ್ಲೋ ಯಾರೋ ಯಾರನ್ನೋ ಬೈಯುತ್ತಿರುವುದು. ಆದ್ದರಿಂದ ಫೈಲುಗಳನ್ನು ಕಂಪ್ಯೂಟರಿಗೆ ಹಾಕಿಕೊಂಡ ಕೂಡಲೇ, ಚಿತ್ರದ ಪಟ್ಟಿಯ ಕೆಳಗೆ ಬರುವ ಸೌಂಡ್ ಪಟ್ಟಿಯನ್ನು ಪೂರ್ತಿ ಹಿಡಿದು ಅಳಿಸಿಬಿಡುತ್ತೇವೆ. ಆಮೇಲೆ ಅರಿಶಿನಕ್ಕೊಂದು ಹಾಡು, ಆರತಿಗೊಂದು ಹಾಡು, ತಾಳಿ ಕಟ್ಟುವಾಗ ಗಟ್ಟಿಮೇಳ, ಹುಡುಗರು ಕುಣಿಯುವಾಗ ತಮಟೆ ಬೀಟ್. ಇವೆಲ್ಲ ಒಂದು ಫೋಲ್ಡರಿನಲ್ಲಿ ರೆಡಿಯಾಗಿರುತ್ತವೆ. ಹದಿನೈದು ವರ್ಷದಿಂದ ಚಿಂತಾಮಣಿಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಕೂತು, ಸುತ್ತಲ ಊರುಗಳ ಫೋಟೋದವರು ಕಳಿಸುವ ಮದುವೆಗಳಿಗೆ ನಾನು ಹೀಗೆ ಹಾಡು ತುಂಬುತ್ತಾ ಬಂದಿದ್ದೇನೆ. ಆ ಮದುವೆಗಳಲ್ಲಿ ಒಂದಕ್ಕೂ ಹೋದವಳಲ್ಲ.

ನನ್ನ ಎಡಿಟಿಂಗ್ ಸಾಫ್ಟ್‌ವೇರ್ ಬಲು ಹಳೇದು. ಹೊಸದು ಹಾಕಿಸಬೇಕಾದರೆ ಕಂಪ್ಯೂಟರನ್ನೇ ಬದಲಿಸಬೇಕು ಎಂದರು. ಪಳಗಿದ ಎತ್ತನ್ನು ಯಾಕೆ ಮಾರಲಿ ಎಂದು ನಾನು ಅದರಲ್ಲೇ ಉಳುತ್ತಿದ್ದೆ. ಎಲ್ಲಿ ಒತ್ತಿದರೆ ಏನಾಗುತ್ತದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಯಾರಾದರೂ ಅದನ್ನು ಡಬ್ಬ ಎಂದರೆ ನನಗೆ ಸಿಟ್ಟು ಬರುತ್ತದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಹೇಳುತ್ತಾರೆ, ಸುಳ್ಳಲ್ಲ.

ಎರಡು ವರ್ಷದ ಹಿಂದೆ, ಸಂಕ್ರಾಂತಿ ಕಳೆದ ಮೇಲೆ, ಶಿಡ್ಲಘಟ್ಟದ ಫೋಟೋದವನೊಬ್ಬ ಒಂದು ಪೆನ್‌ಡ್ರೈವ್ ತಂದುಕೊಟ್ಟ. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವನು, ಅಕ್ಕ ಎನ್ನುತ್ತಾನೆ. ಕೆಲಸದಲ್ಲಿ ಚುರುಕು, ಹೇಳಬೇಕಾದ್ದನ್ನು ಹೇಳುವುದರಲ್ಲಿ ಸೋಮಾರಿ. ಚಿಕ್ಕಬಳ್ಳಾಪುರದ ಒಂದು ಭವನದಲ್ಲಿ ಬೌದ್ಧ ಪದ್ಧತಿಯಲ್ಲಿ ನಡೆದ ಮದುವೆ ಅದು. ವೇದಿಕೆಯ ಮೇಲೆ ಬುದ್ಧನ ಮೂರ್ತಿ, ಪಕ್ಕದಲ್ಲಿ ನೀಲಿ ಕೋಟಿನವರ ಪಟ, ಬಿಳಿ ಸೀರೆಯ ಹುಡುಗಿ, ಬಿಳಿ ಅಂಗಿಯ ಹುಡುಗ. ಇಬ್ಬರೂ ಕೈಯಲ್ಲಿ ಹಾಳೆ ಹಿಡಿದು ಏನೋ ಓದುತ್ತಾರೆ. ಆಮೇಲೆ ಹುಡುಗಿಯ ಅಪ್ಪ ಮೈಕಿನ ಮುಂದೆ ನಿಂತು ಹನ್ನೊಂದು ನಿಮಿಷ ಮಾತಾಡುತ್ತಾರೆ. ಇವೆರಡನ್ನು ಫೋಟೋದವನು ತನ್ನ ಹೊಸ ಫೋನಿನಲ್ಲಿ ಹಿಡಿದಿದ್ದ. ಅಷ್ಟು ಹೊತ್ತಿಗೆ ದೊಡ್ಡ ಕ್ಯಾಮೆರಾದ ಬ್ಯಾಟರಿ ಮುಗಿದಿತ್ತಂತೆ.

ಫೋನಿನ ಆ ಎರಡು ಫೈಲುಗಳನ್ನು ಹಾಕಿಕೊಂಡಾಗ ಚಿತ್ರ ಬಂತು, ಸೌಂಡ್ ಬರಲಿಲ್ಲ. ಫೈಲಿನ ಹೆಸರಿನ ಪಕ್ಕ ಇರಬೇಕಾದ ಪುಟ್ಟ ಸ್ಪೀಕರ್ ಗುರುತೇ ಇಲ್ಲ, ಚಿತ್ರದ ಪಟ್ಟಿಯ ಕೆಳಗೆ ಖಾಲಿ. ನಾನು ಅದನ್ನು ನೋಡಿದೆ. ನೋಡಿ, ಅಳಿಸುವ ಕೆಲಸ ಉಳಿಯಿತು ಅಂದುಕೊಂಡೆ. ಇದನ್ನು ಬರೆಯುವಾಗ ಇವತ್ತಿಗೂ ನಾಚಿಕೆಯಾಗುತ್ತದೆ. ಹುಡುಗ ಹುಡುಗಿ ಓದುವ ಕಡೆ ಗಟ್ಟಿಮೇಳ ಹಾಕಿದೆ. ವಯಸ್ಸಾದವರ ಭಾಷಣ ಯಾರು ನೋಡುತ್ತಾರೆ ಎಂದು ಹನ್ನೊಂದು ನಿಮಿಷವನ್ನು ನಲವತ್ತು ಸೆಕೆಂಡಿಗೆ ಇಳಿಸಿ, ಬೋರಾಗದಿರಲಿ ಎಂದು ಕೆಳಗೆ ತಮಟೆ ಬೀಟ್ ಕೊಟ್ಟೆ.

ವಿಡಿಯೋ ಕೊಟ್ಟು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಆ ಅಪ್ಪ ಮಗಳು ನಮ್ಮ ಮಹಡಿ ಮೆಟ್ಟಿಲು ಹತ್ತಿ ಬಂದರು. ತೆರೆಯ ಮೇಲೆ ಅಷ್ಟು ಹೊತ್ತು ನೋಡಿದ್ದ ಮುಖಗಳು, ಕೂಡಲೇ ಗುರುತು ಸಿಕ್ಕಿತು. ನಗುತ್ತಾ ಕುರ್ಚಿ ಹಾಕಿದೆ. ಮಗಳು ಗೌರಿಬಿದನೂರು ಕಡೆ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್, ಈಗ ಗಂಡನ ಮನೆಯೂ ಅಲ್ಲೇ. ಅಪ್ಪ ಶಿಡ್ಲಘಟ್ಟದ ಹತ್ತಿರದ ಹಳ್ಳಿಯವರು, ಕಾಲೇಜೊಂದರಲ್ಲಿ ಅಟೆಂಡರ್ ಆಗಿದ್ದು ರಿಟೈರ್ ಆದವರು. ಮಗಳು ಕೂತಳು. ಅವರು ನಿಂತೇ ಇದ್ದರು.

"ಮೇಡಂ, ಇದರಲ್ಲಿ ನಮ್ಮ ಮಾತು ಎಲ್ಲಿ?" ಮಗಳು ಪೆನ್‌ಡ್ರೈವನ್ನು ಮೇಜಿನ ಮೇಲಿಟ್ಟು ಕೇಳಿದಳು.

"ಮದುವೆ ವಿಡಿಯೋದಲ್ಲಿ ಮಾತು ಇಡಲ್ಲಮ್ಮ. ಹಾಡು ಹಾಕ್ತೀವಿ. ಎಲ್ಲರಿಗೂ ಹಂಗೇ ಮಾಡೋದು."

"ನಮ್ಮದ್ರಲ್ಲಿ ಮಾತೇ ಮದುವೆ ಮೇಡಂ. ಮಂತ್ರ ಇಲ್ಲ, ತಾಳಿ ಇಲ್ಲ. ನಾವಿಬ್ರೂ ನಿಂತ್ಕೊಂಡು ಓದಿದ್ವಲ್ಲ, ಅದೇ ಮದುವೆ. ಅದರ ಮೇಲೆ ನೀವು ಓಲಗ ಊದಿಸಿದೀರಿ. ನಮ್ಮಪ್ಪನ ಮಾತಿನ ಮೇಲೆ ತಮಟೆ ಹಾಕಿದೀರಿ."

ನಾನು ಅಪ್ಪನ ಕಡೆ ನೋಡಿದೆ. ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಉಳಿದದ್ದನ್ನು ಮಗಳೇ ಹೇಳಿದಳು. ಅವರು ಚಿಕ್ಕ ವಯಸ್ಸಿನಿಂದ ಊರೂರಿನ ಮದುವೆಗಳಿಗೆ ತಮಟೆ ಬಾರಿಸಿದವರು. ತಾತ ಮುತ್ತಾತನ ಕಾಲದಿಂದ ಬಂದದ್ದು, ಕರೆದರೆ ಒಲ್ಲೆ ಎನ್ನುವ ಹಾಗಿರಲಿಲ್ಲ. ಮಗಳು ಹುಟ್ಟುವ ವರ್ಷ ಅದನ್ನು ಬಿಟ್ಟರು. ಮಗಳ ಮದುವೆಗೆ ಅವರು ಹಾಕಿದ ಷರತ್ತು ಒಂದೇ, ವಾದ್ಯ ಬೇಡ. ಯಾಕೆ ಬಿಟ್ಟೆ ಎಂದು ಇಪ್ಪತ್ತೆಂಟು ವರ್ಷ ಯಾರ ಮುಂದೆಯೂ ಹೇಳದೆ ಇದ್ದವರು ಅವತ್ತು ಮೈಕಿನ ಮುಂದೆ ನಿಂತು ಹೇಳಿದರು. ಈಗ ಗೌರಿಬಿದನೂರಿನಲ್ಲಿ ಬೀಗರ ಮನೆಯವರೆಲ್ಲ ಟಿವಿ ಮುಂದೆ ಕೂತು ನೋಡಿದರೆ ಅಪ್ಪನ ಬಾಯಿ ಆಡುತ್ತಿದೆ, ಮಾತು ಇಲ್ಲ, ತಮಟೆ ಕೇಳುತ್ತಿದೆ. "ಬಿಟ್ಟೆ ಬಿಟ್ಟೆ ಅಂದ್ರೂ ತಮಟೆ ಇವರನ್ನ ಬಿಡಲಿಲ್ಲ ನೋಡಿ" ಎಂದು ಯಾರೋ ಅಂದರಂತೆ. ಎಲ್ಲರೂ ನಕ್ಕರಂತೆ. ಅಪ್ಪ ಎದ್ದು ಹೊರಗೆ ಹೋದರಂತೆ.

ತಪ್ಪು ಮಾಡಿದವಳಿಗೆ ಮೊದಲು ಬರುವುದು ನಾಚಿಕೆ ಅಂದುಕೊಳ್ಳಬೇಡಿ. ನನಗೆ ಮೊದಲು ಬಂದದ್ದು ಸಿಟ್ಟು. "ಆ ಫೈಲಲ್ಲಿ ಸೌಂಡೇ ಇಲ್ಲ, ರೆಕಾರ್ಡೇ ಆಗಿಲ್ಲ. ನಾನೇನು ಮಾಡ್ಲಿ, ಫೋಟೋದವನ್ನ ಕೇಳಿ" ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ.

ಆಗ ಅಪ್ಪ ಮೊದಲ ಸಲ ಬಾಯಿ ಬಿಟ್ಟರು. "ಆಗಿದೆ ಕಣಮ್ಮ. ಅವತ್ತು ಊಟ ಆದ್ಮೇಲೆ ಆ ಹುಡುಗ ಫೋನಲ್ಲಿ ಹಾಕಿ ತೋರಿಸ್ದ. ನನ್ನ ಮಾತು ನಾನೇ ಕೇಳಿಸ್ಕೊಂಡೆ."

ಅವರ ಎದುರಿಗೇ ಫೋಟೋದವನಿಗೆ ಫೋನ್ ಮಾಡಿದೆ. ವಾದ್ಯ ಬೇಡ ಎಂದು ಅವರು ಹೇಳಿದ್ದರೇ ಎಂದು ಕೇಳಿದರೆ, "ಛತ್ರದಲ್ಲಿ ಬೇಡ ಅಂದಿದ್ರಕ್ಕ, ವಿಡಿಯೋದಲ್ಲೂ ಬೇಡ ಅಂತ ನನಗೇನು ಗೊತ್ತು" ಅಂದ. ಫೋನಿನಲ್ಲಿ ಆ ಫೈಲುಗಳು ಇವೆಯೇ ಎಂದರೆ, "ಫೋನ್ ತುಂಬಿತ್ತಕ್ಕ, ಆವತ್ತೇ ಅಳಿಸ್ದೆ. ನಿಮ್ಮ ಹತ್ರ ಇರೋದೇ ಇರೋದು" ಅಂದ. ಕೊಟ್ಟ ಕೆಲಸದ ಫೈಲುಗಳನ್ನು ನಾನು ಎರಡು ತಿಂಗಳಿಗೊಮ್ಮೆ ಗುಡಿಸಿ ಹಾಕುತ್ತೇನೆ. ಹೆದರಿಕೊಂಡೇ ಹಾರ್ಡ್‌ಡಿಸ್ಕ್ ತೆಗೆದು ನೋಡಿದೆ. ಇತ್ತು.

"ಹದಿನೈದು ದಿನ ಕೊಡಿ. ನಿಮ್ಮ ಮಾತು ನಿಮಗೆ ತೆಗೆದುಕೊಡ್ತೀನಿ" ಅಂದೆ. ಹೇಗೆ ಎಂದು ನನಗೆ ಗೊತ್ತಿರಲಿಲ್ಲ. ಆದರೆ ಅವರು ಕೂರದೆ ನಿಂತದ್ದು ನನ್ನ ಮನಸ್ಸಿಗೆ ಚುಚ್ಚಿತ್ತು. ಅವರು "ಆಯ್ತಮ್ಮ" ಅಂದು ಮಗಳ ಹಿಂದೆ ಮೆಟ್ಟಿಲಿಳಿದರು.

ಅವತ್ತೇ ಶುರು ಮಾಡಿದೆ. ಸ್ಪೀಕರಿನ ತಂತಿ ಕಿತ್ತು ಮತ್ತೆ ಸಿಕ್ಕಿಸಿದೆ, ಬೇರೆ ಮದುವೆಯ ಫೈಲು ಹಾಕಿದರೆ ಚೆನ್ನಾಗಿ ಕೂಗಿತು. ಅಂದರೆ ಸ್ಪೀಕರಿನ ತಪ್ಪಲ್ಲ. ಸಾಫ್ಟ್‌ವೇರ್ ಒಳಗೆ ಕೂಡಿಟ್ಟುಕೊಂಡಿದ್ದ ಹಳೆಯ ಕಸವನ್ನೆಲ್ಲ ಅಳಿಸಿ ಫೈಲನ್ನು ಮತ್ತೆ ಹಾಕಿಕೊಂಡೆ. ಚಿತ್ರ ಬಂತು, ಸ್ಪೀಕರ್ ಗುರುತು ಇಲ್ಲ. ಫೈಲಿನ ಹೆಸರಿನ ಕೊನೆಯ ಮೂರಕ್ಷರ ಬದಲಾಯಿಸಿದರೆ ಬರುತ್ತದೆ ಎಂದು ಒಬ್ಬರು ಹೇಳಿದರು. ಬದಲಾಯಿಸಿದೆ. ಆಗ ಚಿತ್ರವೂ ಹೋಯಿತು. ಕಂಪ್ಯೂಟರಿನಲ್ಲಿದ್ದ ಸಾಧಾರಣ ಪ್ಲೇಯರಿನಲ್ಲಿ ಹಾಕಿದರೂ ಮೌನ. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ನಾನು ಹೇಳಿದ ಸುಳ್ಳೇ ನಿಜವೇನೋ, ಸೌಂಡ್ ನಿಜವಾಗಿ ಇಲ್ಲವೇನೋ ಎನ್ನಿಸತೊಡಗಿತು. ಹಾಗಿದ್ದರೆ ಒಳ್ಳೇದಿತ್ತು ಎಂದು ಒಂದು ಕ್ಷಣ ಆಸೆಯೂ ಆಯಿತು. ತಪ್ಪು ನನ್ನ ತಲೆಯಿಂದ ಇಳಿಯುತ್ತಿತ್ತಲ್ಲ.

ಕೊನೆಗೆ ಫೈಲನ್ನು ನನ್ನ ಫೋನಿಗೆ ಹಾಕಿಕೊಂಡು ಒತ್ತಿದೆ. "ಬಂದಿರೋ ಎಲ್ಲರಿಗೂ ಜೈಭೀಮ್, ನಮಸ್ಕಾರ" ಎಂಬ ಗಟ್ಟಿ ದನಿ ಅಡುಗೆ ಮನೆಯವರೆಗೆ ಕೇಳಿಸಿತು. ಅಲ್ಲಿಗೇ ನಿಲ್ಲಿಸಿದೆ. ಮಾತು ಇದೆ. ನನ್ನ ಸಾಫ್ಟ್‌ವೇರಿಗೆ ಕೇಳಿಸುತ್ತಿಲ್ಲ, ಅಷ್ಟೇ. ಹೊಸ ಫೋನುಗಳು ಸೌಂಡನ್ನು ಬೇರೆ ಬಗೆಯಲ್ಲಿ ಕಟ್ಟಿಡುತ್ತವೆ, ನನ್ನ ಸಾಫ್ಟ್‌ವೇರ್ ಬಂದ ಕಾಲದಲ್ಲಿ ಆ ಬಗೆಯೇ ಇರಲಿಲ್ಲ. ಬಿಚ್ಚಲು ಬಾರದ ಗಂಟನ್ನು ಅದು ಇಲ್ಲವೆಂದೇ ತಿಳಿದು ಪಕ್ಕಕ್ಕಿಡುತ್ತಿತ್ತು. ನನ್ನ ಎತ್ತಿನ ಮೇಲೆ ನನಗೇ ಮೊದಲ ಸಲ ಬೇಸರ ಬಂತು.

ಗಂಟು ಬಿಚ್ಚುವ ಸಾಮಾನು ಸಿಗುತ್ತದೆ ಎಂದು ಇಂಟರ್‌ನೆಟ್ಟಿನಲ್ಲಿ ಓದಿ ಅದನ್ನು ಇಳಿಸಿಕೊಂಡೆ. ಹಾಕಿದ್ದೇ ತಡ, ಸಾಫ್ಟ್‌ವೇರ್ ತೆರೆಯುವುದನ್ನೇ ಬಿಟ್ಟಿತು. ಅದನ್ನು ಕಿತ್ತು, ಮೊದಲಿನ ಸ್ಥಿತಿಗೆ ತರುವಷ್ಟರಲ್ಲಿ ಒಂದೂವರೆ ದಿನ ಹೋಯಿತು. ಫೋಟೋದವನಿಗೆ ಸಮಾಚಾರ ಹೇಳಿದರೆ, "ಅಕ್ಕ, ಅದಿ ರಾದು, ಬಿಟ್ಬಿಡು" ಅಂದ. ಸೋತಾಗಲೆಲ್ಲ ಅವನಿಗೆ ತೆಲುಗು ಬರುತ್ತದೆ. ಬರಲ್ಲ ಅನ್ನುವುದನ್ನು ನೀನು ಹೇಳಬೇಡ ಕಣೋ, ಬರುತ್ತೋ ಇಲ್ಲವೋ ನಾನು ನೋಡ್ಕೊತೀನಿ ಅಂದು ಫೋನ್ ಇಟ್ಟೆ. ಹಠ ಎನ್ನುವುದು ನನಗೆ ಹುಟ್ಟಿನಿಂದ ಬಂದದ್ದು, ಅವತ್ತು ಮೊದಲ ಸಲ ಅದರಿಂದ ಒಬ್ಬರಿಗೆ ಉಪಯೋಗವಾಗಲಿ ಅನ್ನಿಸಿತು.

ಉಪಾಯ ಸರಳವಾಗಿತ್ತು, ಸರಳವಾದದ್ದು ಕಣ್ಣಿಗೆ ಬೀಳುವುದೇ ಕೊನೆಗೆ. ಸಾಫ್ಟ್‌ವೇರಿಗೆ ಗಂಟು ಬಿಚ್ಚಲು ಬರದಿದ್ದರೆ ಹೊರಗೇ ಬಿಚ್ಚಿ ಕೊಟ್ಟರಾಯಿತು. ಒಂದು ಕನ್ವರ್ಟರಿನಲ್ಲಿ ಫೈಲು ಹಾಕಿ, ಚಿತ್ರ ಬಿಟ್ಟು ಸೌಂಡನ್ನು ಮಾತ್ರ ಹಳೇ ಕಾಲದ ಫೈಲಾಗಿ ತೆಗೆದೆ. ಅದನ್ನು ಸಾಫ್ಟ್‌ವೇರಿಗೆ ಕೊಟ್ಟೆ. ಖಾಲಿ ಇದ್ದ ಪಟ್ಟಿಯಲ್ಲಿ ಹಸಿರು ಅಲೆ ಮೂಡಿತು. ನಾನು ಕುರ್ಚಿಯಿಂದ ಎದ್ದು, ಕೆಳಗೆ ಹೋಗಿ, ಮನೆಯವರಿಗೆ ಹೇಳಿ, ಒಂದು ಲೋಟ ಮಜ್ಜಿಗೆ ಕುಡಿದು ಬಂದೆ.

ಬಂದು ಕೇಳಿದರೆ, ಮೊದಲ ಎರಡು ನಿಮಿಷ ಬಾಯಿಗೂ ಮಾತಿಗೂ ಸರಿಯಿದೆ. ಆಮೇಲೆ ಮಾತು ಮುಂದೆ, ಬಾಯಿ ಹಿಂದೆ. ಕೊನೆಯ ಹೊತ್ತಿಗೆ ಮಾತು ಮುಗಿದರೂ ಅವರ ಬಾಯಿ ಆಡುತ್ತಲೇ ಇದೆ. ಫೋನು ಬೆಳಕು ಹೆಚ್ಚು ಕಡಿಮೆಯಾದ ಹಾಗೆ ಸೆಕೆಂಡಿಗೆ ತೆಗೆಯುವ ಚಿತ್ರಗಳನ್ನೂ ಹೆಚ್ಚು ಕಡಿಮೆ ಮಾಡುತ್ತದೆ. ನನ್ನ ಹಳೇ ಸಾಫ್ಟ್‌ವೇರ್ ಎಲ್ಲ ಸೆಕೆಂಡಿಗೂ ಒಂದೇ ಲೆಕ್ಕ ಹಿಡಿಯುತ್ತದೆ. ಚಿತ್ರವನ್ನೂ ಕನ್ವರ್ಟರಿನಲ್ಲಿ ಸಮ ಮಾಡಲು ನೋಡಿದೆ. ಎರಡು ಸಲ ನಡುವೆ ಕರೆಂಟು ಹೋಯಿತು, ಮೂರನೆಯ ಸಲ ಮುಗಿಯಿತು, ಆದರೆ ಚಿತ್ರ ಎಗರೆಗರಿ ಬಂತು. ಸೌಂಡನ್ನು ಎಳೆದು ಉದ್ದ ಮಾಡಿ ನೋಡಿದೆ. ಅವರ ದನಿ ಕಾಯಿಲೆಯವರ ದನಿಯ ಹಾಗಾಯಿತು. ಒಂದು ಸಲ ಮಾತು ಕಸಿದದ್ದು ಸಾಲದೆ ದನಿಯನ್ನೂ ಕೆಡಿಸಬೇಕೇ ಎಂದು ಅದನ್ನು ಬಿಟ್ಟೆ.

ಉಳಿದದ್ದು ಕೈಕೆಲಸ. ಮಾತನ್ನು ಒಂದೊಂದು ವಾಕ್ಯವಾಗಿ ತುಂಡರಿಸಿ, ಒಂದೊಂದನ್ನೂ ಅವರ ತುಟಿಗೆ ಹೊಂದಿಸಿ ಕೂರಿಸುವುದು. ಪ, ಬ, ಮ ಬಂದಾಗ ತುಟಿ ಮುಚ್ಚುತ್ತದೆ. ಆ ಮುಚ್ಚುವ ಜಾಗ ಹುಡುಕಿ ಅಲ್ಲಿಗೆ ಸೌಂಡನ್ನು ತರಬೇಕು. ಮನೆಗೆಲಸ ಮುಗಿಸಿ ಹತ್ತು ಗಂಟೆಗೆ ಕೂತರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಎರಡು ನಿಮಿಷದ ಮಾತು ಕೂತಿರುತ್ತಿತ್ತು. ಬೇರೆ ಮದುವೆಗಳ ಕೆಲಸ ಕಾಯುತ್ತಾ ಬಿದ್ದಿತ್ತು. ಬೀಳಲಿ ಎಂದೆ. ಹೀಗೆ ಸೇರಿಸುತ್ತಾ ಹೋದಾಗಲೇ ಅವರು ಹೇಳಿದ್ದನ್ನು ನಾನು ಕೇಳುತ್ತಾ ಹೋದದ್ದು. ತಾವು ಓದಿದ ಸ್ಕೂಲು, ಕಾಲೇಜಿನಲ್ಲಿ ಗಂಟೆ ಹೊಡೆಯುತ್ತಾ ತಾವೇ ಪರೀಕ್ಷೆ ಕಟ್ಟಿ ಪಾಸಾದದ್ದು. ಮೂರನೆಯ ದಿನ ಏಳನೇ ನಿಮಿಷಕ್ಕೆ ಬಂದೆ.

"ಅಂಬಾಜಿದುರ್ಗದ ಕೆಳಗಡೆ ಊರಲ್ಲಿ ದೊಡ್ಡಮನೆ ಅಂತ ಇದೆ. ಅವರ ಮನೆ ಹೆಣ್ಣಿನ ಮದುವೆ. ಎರಡು ದಿವಸ ಬಾರಿಸ್ದೆ, ಕೈ ಊದ್ಕೊಂಡಿತ್ತು. ಎಲ್ಲಾರೂ ಉಂಡಾದ್ಮೇಲೆ ನಮಗೆ ತಿಪ್ಪೆ ಪಕ್ಕದಲ್ಲಿ ಎಲೆ ಹಾಕಿದ್ರು. ನನ್ನ ಹೆಂಡ್ತಿ ಆಗ ತುಂಬಿದ ಬಸುರಿ, ಜೊತೇಲಿ ಬಂದಿದ್ಲು. ಇಲ್ಲೇ ಮುಂದಿನ ಸಾಲಲ್ಲಿ ಕೂತವ್ಳೆ ನೋಡಿ. ಅವಳ ಎಲೆಗೆ ಪಾಯಸನ ಎತ್ತರದಿಂದ ಹುಯ್ದ್ರು, ಸೋಕಬಾರದು ಅಂತ. ಬಿಸಿ ಪಾಯಸ ಎಲೆ ಮೇಲೆ ಬಿದ್ದು ಇವಳ ಮುಖಕ್ಕೂ ಸೀರೆಗೂ ಸಿಡೀತು. ಇವಳು ತಲೆ ಬಗ್ಗಿಸ್ಕೊಂಡು ಸೆರಗಲ್ಲಿ ಒರೆಸ್ಕೊಂಡ್ಳು. ಯಾರನ್ನೂ ಏನೂ ಅನ್ನಲಿಲ್ಲ. ಅವತ್ತು ಮನೆಗೆ ಬಂದು ತಮಟೆ ಇಳಿಸ್ದೋನು ಮತ್ತೆ ಎತ್ತಲಿಲ್ಲ. ಆಗ ಹೊಟ್ಟೇಲಿದ್ದದ್ದು ಈ ಮಗು."

ದೊಡ್ಡಮನೆ ನನ್ನ ತವರು. ಆ ವರ್ಷ ನಮ್ಮ ಮನೆಯಲ್ಲಿ ನಡೆದ ಮದುವೆ ಒಂದೇ. ನನ್ನದು.

ಮೌಸ್ ಮೇಲಿನಿಂದ ಕೈ ತೆಗೆದೆ. ನನಗೆ ಗೊತ್ತಿರಲಿಲ್ಲ ಎಂದು ಇಲ್ಲಿ ಬರೆಯಬಹುದು, ಯಾರೂ ನನ್ನನ್ನು ಕೇಳುವುದಿಲ್ಲ. ಆದರೆ ಗೊತ್ತಿತ್ತು. ಎತ್ತಿ ಹುಯ್ಯುವುದು ನಮ್ಮ ಹಿತ್ತಲಲ್ಲಿ ನಾನು ಚಿಕ್ಕಂದಿನಿಂದ ನೋಡಿದ್ದೇ. ನೀರು, ಮುದ್ದೆಯ ಸಾರು, ಮಜ್ಜಿಗೆ, ಎಲ್ಲ ಎತ್ತರದಿಂದಲೇ. ಮೇಲಿಂದ ಬಿದ್ದದ್ದು ಕೆಳಗೆ ಕೂತವರ ಮುಖಕ್ಕೆ ಸಿಡಿಯುತ್ತದೆ ಎಂದು ಮಾತ್ರ ಯೋಚಿಸಿರಲಿಲ್ಲ. ನನ್ನ ಮದುವೆಯ ಕ್ಯಾಸೆಟ್ಟನ್ನು ನಾನೇ ಹಿಂದೆ ಕಂಪ್ಯೂಟರಿಗೆ ಇಳಿಸಿಟ್ಟುಕೊಂಡಿದ್ದೆ. ತೆಗೆದು ಹುಡುಕಿದೆ. ಮೂರು ಗಂಟೆಯ ಮದುವೆಯಲ್ಲಿ ತಮಟೆಯವರು ಇರುವುದು ನಾಲ್ಕು ಸೆಕೆಂಡು. ಕೈಗಳು ಕಾಣುತ್ತವೆ, ಮುಖ ಒಂದೂ ಇಲ್ಲ. ಮೇಲೆ ಯಾವುದೋ ಸಿನಿಮಾ ಹಾಡು. ನೋಡಿ ಅಳು ಬಂತು.

ಮಾರನೆಯ ದಿನ ಫೋಟೋದವನು ಬೇರೆ ಕೆಲಸಕ್ಕೆ ಬಂದಿದ್ದ. ನಾನು ಆ ಭಾಗವನ್ನೇ ಹೊಂದಿಸುತ್ತಿದ್ದೆ, ಅವನ ಕಿವಿಗೂ ಬಿತ್ತು. ಟೀ ಲೋಟ ಹಿಡಿದುಕೊಂಡೇ ಹತ್ತಿರ ಬಂದ.

"ಅಕ್ಕ, ಇದು ನಿಮ್ಮ ಅಪ್ಪನ ಮನೆ ಅಲ್ವಾ?"

"ಹೂಂ."

"ತೆಗೆದುಬಿಡಕ್ಕ. ನಾಳೆ ಇದು ವಾಟ್ಸಾಪಲ್ಲಿ ಹೋಗುತ್ತೆ, ನಿಮ್ಮಣ್ಣ ನೋಡ್ತಾರೆ. ನಿಮಗ್ಯಾಕೆ ಬೇಕು. ಆ ಜಾಗದಲ್ಲಿ ಸೌಂಡ್ ಬರಲೇ ಇಲ್ಲ ಅಂದ್ರಾಯ್ತು. ಹೆಂಗೂ ಬರ್ತಿರಲಿಲ್ಲ ಅಂತ ಅವರಿಗೂ ಗೊತ್ತಲ್ಲ."

"ಬಾಯಿ ಮುಚ್ಕೊಂಡು ಟೀ ಕುಡಿಯೋ" ಅಂದೆ.

ಅಂದೆನೇ ಹೊರತು ಅವನು ಹೋದ ಮೇಲೆ ಒಂದು ಸಲ ತೆಗೆದೂ ನೋಡಿದೆ. ಈ ಕಡೆ ಒಂದು ಕತ್ತರಿ, ಆ ಕಡೆ ಒಂದು ಕತ್ತರಿ. ಪರೀಕ್ಷೆ ಪಾಸಾದ ಮಾತಿನಿಂದ ನೇರ ಮಗಳ ಓದಿನ ಮಾತಿಗೆ ಸೇರಿಕೊಂಡಿತು. ನಡುವೆ ಏನೋ ಇತ್ತು ಎಂದು ಯಾರಿಗೂ ಗೊತ್ತಾಗದು. ಅಣ್ಣನ ಮುಖ ಕಣ್ಣಿಗೆ ಬಂತು. ಅವನು ಹಬ್ಬಕ್ಕೆ ಕರೆಯುವುದನ್ನೂ ಬಿಡಬಹುದು. ಅಪ್ಪ ಅಮ್ಮ ಈಗಿಲ್ಲ, ಇದ್ದಿದ್ದರೆ ಏನನ್ನುತ್ತಿದ್ದರೋ. ಸತ್ತವರ ಮೇಲೆ ಮಾತು ತರಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಆಗ, ನಲವತ್ತು ಸೆಕೆಂಡಿಗೆ ಇಳಿಸಿದ್ದವಳೂ ನೀನೇ, ಈಗ ಹತ್ತು ನಿಮಿಷಕ್ಕೆ ಇಳಿಸುವವಳೂ ನೀನೇ ಎಂದು ಒಳಗಿನಿಂದ ಒಂದು ಮಾತು ಬಂತು. ಆ ಹೆಂಗಸು ಸೆರಗಿನಲ್ಲಿ ಒರೆಸಿಕೊಂಡದ್ದನ್ನು ಇನ್ನೊಂದು ಸಲ ಒರೆಸಿ ಹಾಕುವುದು ನನ್ನ ಕೈಲಾಗಲಿಲ್ಲ. ತೆಗೆದದ್ದನ್ನು ಮತ್ತೆ ಅದೇ ಜಾಗದಲ್ಲಿ ಕೂರಿಸಿದೆ. ಉಳಿದ ನಾಲ್ಕು ನಿಮಿಷವನ್ನು ಇನ್ನೂ ಎರಡು ದಿನ ಕೂತು ಹೊಂದಿಸಿದೆ. ಹುಡುಗ ಹುಡುಗಿ ಓದಿದ್ದನ್ನೂ ಹಾಗೇ ಮಾಡಿದೆ. ವಿಡಿಯೋದಲ್ಲಿ ಹಾಕಿದ್ದ ಹಾಡು, ಓಲಗ, ತಮಟೆ ಎಲ್ಲವನ್ನೂ ಅಳಿಸಿದೆ. ಪಾತ್ರೆಯ ಸದ್ದು, ಮಕ್ಕಳ ಅಳು ಇದ್ದರೆ ಇರಲಿ.

ಹದಿನಾಲ್ಕನೆಯ ದಿನ ಫೋನ್ ಮಾಡಿದೆ. ಮಾರನೆಯ ದಿನ ಬೆಳಿಗ್ಗೆ ಅಪ್ಪ ಮಗಳು ಬಂದರು. ಕೊಟ್ಟು ಕಳಿಸುವ ಮೊದಲು ಪೂರ್ತಿ ನೋಡಿ ಹೋಗಿ ಅಂದೆ. ಈ ಸಲ ಅವರೂ ಕೂತರು. ಹನ್ನೊಂದು ನಿಮಿಷವೂ ತಮ್ಮ ಮಾತನ್ನು ತಾವೇ, ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕೇಳಿದರು. ಏಳನೇ ನಿಮಿಷ ಬಂದಾಗ ನಾನು ತೆರೆ ನೋಡಲಿಲ್ಲ, ಅವರನ್ನೂ ನೋಡಲಿಲ್ಲ, ಕೀಬೋರ್ಡ್ ನೋಡಿಕೊಂಡು ಕೂತೆ. ಮುಗಿದ ಮೇಲೆ ಮಗಳು ಕಣ್ಣೊರೆಸಿಕೊಂಡು "ಥ್ಯಾಂಕ್ಸ್ ಮೇಡಂ" ಅಂದಳು. ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಯಜಮಾನ್ರೆ," ಅಂದೆ, "ನೀವು ಹೇಳಿದ ಆ ಮದುವೆ ನಂದು."

"ಗೊತ್ತಮ್ಮ" ಅಂದರು.

ಅವರೇ ಮುಂದುವರಿಸಿದರು. "ಮಿಕ್ಸಿಂಗ್ ಯಾರು ಮಾಡಿದ್ದು ಅಂತ ಫೋಟೋದ ಹುಡುಗನ್ನ ಕೇಳ್ದೆ. ದೊಡ್ಡಮನೆ ಮಗಳು, ಚಿಂತಾಮಣಿಗೆ ಕೊಟ್ಟವ್ರೆ ಅಂದ. ಆಗ ಅನ್ಕೊಂಡೆ, ಇವರು ನನ್ನ ಮಾತು ಕೇಳಿದಾರೆ, ಕೇಳಿ ಬೇಕಂತಲೇ ತೆಗೆದು ತಮಟೆ ಹಾಕಿದಾರೆ ಅಂತ. ಮೊದಲನೇ ಸಲ ಬಂದಾಗ ಅದನ್ನೇ ಮನಸಲ್ಲಿ ಇಟ್ಕೊಂಡು ಬಂದಿದ್ದೆ."

ಸಾಫ್ಟ್‌ವೇರ್ ಹಳೇದು, ಫೋನಿನ ಸೌಂಡ್ ಅದಕ್ಕೆ ಬರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಆ ಮಾತು ನಿಜವೇ. ಆದರೆ ಅವರ ಮುಂದೆ ಅದನ್ನು ಹೇಳುವುದು ಬೇಡ ಅನ್ನಿಸಿತು.

"ಆ ಮಾತನ್ನ ಹೇಳ್ದಾಗ ಅಲ್ಲಿ ಇನ್ನೂರು ಜನ ಇದ್ರಮ್ಮ," ಅಂದರು ಅವರು. "ಎಲ್ಲಾ ನಮ್ಮವರೇ. ಎಲ್ಲಾರಿಗೂ ಅಂಥದ್ದು ಗೊತ್ತಿರೋದೇ. ಯಾರಿಗೆ ಗೊತ್ತಾಗ್ಬೇಕಿತ್ತೋ ಅವರು ಒಬ್ರೂ ಇರ್ಲಿಲ್ಲ."

"ತಪ್ಪಾಯ್ತು ಯಜಮಾನ್ರೆ" ಅಂದೆ. "ಸೌಂಡಿನ ಮಾತಲ್ಲ. ನಿಮ್ಮ ಮನೆಯವರ ಎಲೆಗೆ ಪಾಯಸ ಹುಯ್ದಿದ್ದು."

ಅವರು ಎದ್ದರು. ಪೆನ್‌ಡ್ರೈವನ್ನು ಅಂಗಿಯ ಮೇಲಿನ ಜೇಬಿಗೆ ಹಾಕಿಕೊಂಡು, ಜೇಬಿನ ಗುಂಡಿ ಹಾಕಿಕೊಂಡರು. ಬಾಗಿಲ ಹತ್ತಿರ ಹೋಗಿ ನಿಂತು ನನ್ನ ಕಡೆ ತಿರುಗಿದರು.

"ಪರವಾಗಿಲ್ಲ ಅಂತ ನಾನು ಹೇಳಕ್ಕಾಗಲ್ಲಮ್ಮ. ಅದು ಅವಳು ಹೇಳ್ಬೇಕು. ಮನೇಲವ್ಳೆ, ಬನ್ನಿ."